ಏರಿ ಮೇಲೆ ನಿಂತು ನೋಡು: ಒಂದು ಕೆರೆ ಹಾಡು ತಿದ್ದಿದ ಕಥೆ

ಕೋಲಾರದ ಸುತ್ತಮುತ್ತ ಬೀದಿನಾಟಕ ಆಡುವ ನಮ್ಮ ತಂಡಕ್ಕೆ ಕೆರೆ ಮೇಲೆ ಒಂದು ಹಾಡು ಬೇಕಾಗಿತ್ತು. 2017ರ ಬೇಸಿಗೆ. ನಮ್ಮ ಕಡೆಯ ಕೆರೆಗಳು ಒಣಗಿ ಎಷ್ಟೋ ವರ್ಷಗಳಾಗಿದ್ದವು. ಹೈಸ್ಕೂಲು ಹುಡುಗರಿಗೆ ಕೆರೆ ಅಂದರೆ ಕ್ರಿಕೆಟ್ ಆಡುವ ಬಯಲು, ಅಷ್ಟೇ. ತಂಡದಲ್ಲಿ ಕನ್ನಡ ಮೇಷ್ಟ್ರು ಅಂತ ಇದ್ದವನು ನಾನೊಬ್ಬನೇ ಆದ್ದರಿಂದ ಹಾಡು ಬರೆಯುವ ಕೆಲಸ ನನ್ನ ತಲೆಗೇ ಬಂತು. ಒಂದೇ ರಾತ್ರಿಯಲ್ಲಿ ಬರೆದೆ. ತಿದ್ದುವುದು ಮಾತ್ರ ಇವತ್ತಿಗೂ ಮುಗಿದಿಲ್ಲ.

ಮೊದಲು ಬರೆದ ಪಲ್ಲವಿ ಹೀಗಿತ್ತು:

ಒಣಗಿದ ಕೆರೆಯಲಿ ನೆನಪಿನ ದೋಣಿ
ಅಲೆಗಳ ಕಾಯುತ ನಿಂತಿದೆ ಕಾಣಿ

ಪುಸ್ತಕದಲ್ಲಿ ನೋಡಿದರೆ ಇದಕ್ಕೆ ಹೆಸರಿಡುವ ಹಾಗಿಲ್ಲ. ಮಾತ್ರೆ ಅಂದರೆ ಒಂದು ಹ್ರಸ್ವ ಅಕ್ಷರ ಹೇಳುವಷ್ಟು ಹೊತ್ತು. ಅಂಥ ನಾಲ್ಕು ನಾಲ್ಕು ಮಾತ್ರೆಯ ಗಣ ಸಲೀಸಾಗಿ ಬಿದ್ದಿದೆ, ಪ್ರಾಸವೂ ಇದೆ. ಇದರ ಹಿಂದೆ ಎಂಟು ಚರಣ ಇದ್ದವು. ಹಾಳೆಯನ್ನು ಜೆರಾಕ್ಸ್ ಮಾಡಿಸಿಕೊಂಡು ಅಭ್ಯಾಸಕ್ಕೆ ಹೋದೆ.

ನಮ್ಮ ಅಭ್ಯಾಸ ನಡೆಯುವುದು ಒಂದು ಹಳ್ಳಿಯ ಸಮುದಾಯ ಭವನದಲ್ಲಿ, ಸಂಜೆ ಡೇರಿಗೆ ಹಾಲು ಹಾಕಿ ಬಂದ ಮೇಲೆ. ಹಾಡುವವರಲ್ಲಿ ಹೆಚ್ಚಿನವರು ಹೆಂಗಸರು. ಸ್ತ್ರೀಶಕ್ತಿ ಸಂಘದ ಮೀಟಿಂಗು ಮುಗಿಸಿ ಅಲ್ಲೇ ಉಳಿದುಕೊಳ್ಳುವವರು. ಸೊಲ್ಲು ಎತ್ತುವ ಅಕ್ಕ ಒಬ್ಬರಿದ್ದಾರೆ. ಅರವತ್ತು ದಾಟಿದೆ, ಓದು ಬರಹ ಇಲ್ಲ, ಸೋಬಾನೆ ಪದ ಶುರು ಮಾಡಿದರೆ ಬೆಳಗಾಗುವ ತನಕ ಹೇಳುತ್ತಾರೆ. ತಮಟೆಗೆ ಒಬ್ಬ ಅಣ್ಣ. ಅವನು ಬಂದ ಕೂಡಲೇ ಹೊರಗೆ ಒಂದಿಷ್ಟು ಹುಲ್ಲು, ಕಾಗದ ಗುಡ್ಡೆ ಹಾಕಿ ಬೆಂಕಿ ಹಚ್ಚಿ ತಮಟೆ ಕಾಯಿಸುತ್ತಾನೆ. ಚರ್ಮ ಬಿಗಿಯಾಗುವ ತನಕ ಯಾರು ಏನು ಕೇಳಿದರೂ ಉತ್ತರ ಇಲ್ಲ. ಆಮೇಲೆ ಒಂದು ಬೆರಳಲ್ಲಿ ತಟ್ಟಿ, ಕಿವಿ ಹತ್ತಿರ ಹಿಡಿದು, "ಹಾಂ, ಹೇಳಿ ಮೇಷ್ಟ್ರೇ" ಅನ್ನುತ್ತಾನೆ.

ನಾನು ಪಲ್ಲವಿ ಓದಿದೆ. ಅಕ್ಕ ಕೇಳಿಸಿಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದರು. "ನಮ್ಮ ಕೆರೇಲಿ ಯಾವ ಕಾಲದಾಗೆ ದೋಣಿ ಇತ್ತು ಮೇಷ್ಟ್ರೇ? ಮೀನು ಹಿಡಿಯೋರು ಲಾರಿ ಟ್ಯೂಬಿನ ಮೇಲೆ ಕುಂತ್ಕೊಂಡು ಹೋಗ್ತಿದ್ರು."

ಎಲ್ಲರೂ ನಕ್ಕರು, ನಾನೂ ನಕ್ಕೆ. ಆ ದೋಣಿ ಕೆರೆಯಿಂದ ಬಂದದ್ದಲ್ಲ, "ಕಾಣಿ"ಯ ಜೊತೆ ಪ್ರಾಸಕ್ಕೆ ಬಂದದ್ದು. "ಕಾಣಿ" ಬಂದದ್ದು ದೋಣಿಗೋಸ್ಕರ. ಒಂದನ್ನೊಂದು ಕರೆದುಕೊಂಡು ಬಂದು ಇಬ್ಬರೂ ಪಲ್ಲವಿಯಲ್ಲಿ ಕೂತುಬಿಟ್ಟಿದ್ದರು. ಈಗ ಹಾಡು ತಿದ್ದಲು ಕೂತರೆ ನಾನು ಮೊದಲು ನೋಡುವುದು ಇದನ್ನೇ: ಸಾಲಿನ ಕೊನೆಯ ಪದ ಊರಲ್ಲಿ ಇರುವಂಥದ್ದೋ ಅಥವಾ ಪ್ರಾಸದ ಕೈಹಿಡಿದು ಬಂದ ನೆಂಟನೋ.

ಅದಕ್ಕಿಂತ ದೊಡ್ಡ ತೊಡಕು ತಮಟೆಯವನದು. ಅವನ ಕೈ ತಾನಾಗಿ ಹೋಗುವುದು ಮೂರರ ನಡೆಗೆ. ನನ್ನ ಸಾಲು ನಾಲ್ಕರದ್ದು. ನಾಲ್ಕರಲ್ಲಿ ನುಡಿಸಲು ಅವನಿಗೆ ಬರುವುದಿಲ್ಲ ಅಂತಲ್ಲ, ನುಡಿಸಿದ. ಆದರೆ ಹಾಡು ಶಾಲಾ ಪ್ರಾರ್ಥನೆಯ ಹಾಗೆ ನೆಟ್ಟಗೆ ನಿಂತುಕೊಂಡಿತು. ಯಾರ ಕಾಲೂ ಅಲ್ಲಾಡಲಿಲ್ಲ. ಬೀದಿನಾಟಕದಲ್ಲಿ ಜನ ಸೇರುವುದೇ ಹಾಡಿಗೆ. ಹಾಡು ಕುಣಿಯದಿದ್ದರೆ ಅಂಗಡಿ ಮುಂದೆ ನಿಂತವನು ಅಲ್ಲೇ ನಿಂತಿರುತ್ತಾನೆ.

ಹಾಗಾಗಿ ಪದ ಬದಲಿಸುವುದಕ್ಕೆ ಮುಂಚೆ ನಡೆ ಬದಲಿಸಬೇಕಾಯಿತು. ಇದು ಬರೆಯುವವರಿಗೆ ಹಿಡಿಸದ ಕೆಲಸ. ನಾಲ್ಕರಿಂದ ಮೂರಕ್ಕೆ ಬರಬೇಕಾದರೆ ಒಂದೊಂದು ಮಾತ್ರೆ ಕಿತ್ತು ಹಾಕಿದರೆ ಸಾಲದು, ಪದಗಳೇ ಬೇರೆ ಆಗಬೇಕು. "ಒಣಗಿದ", "ಕೆರೆಯಲಿ", "ನೆನಪಿನ" ಇವೆಲ್ಲ ನಾಲ್ಕು ಲಘುವಿನ (ಒಂದು ಮಾತ್ರೆಯ ಅಕ್ಷರ ಲಘು, ಎರಡು ಮಾತ್ರೆಯದು ಗುರು) ಪದಗಳು, ಪ್ರತ್ಯಯ ಹತ್ತಿಸಿಕೊಂಡೇ ಓಡಾಡುವಂಥವು. ಮೂರರ ನಡೆಗೆ ಬೇಕಾದ್ದು ಏರಿ (ಕೆರೆಯ ಕಟ್ಟೆ), ತೂಬು (ನೀರು ಬಿಡುವ ಕಿಂಡಿ), ನೀರು, ಕೋಡಿ (ತುಂಬಿದ ಕೆರೆಯ ಹೆಚ್ಚಿನ ನೀರು ಹೊರಹೋಗುವ ಜಾಗ), ಕಲ್ಲು, ಮಣ್ಣು. ಒಂದು ಗುರು, ಒಂದು ಲಘು. ಕೆರೆಗೆ ಸಂಬಂಧಪಟ್ಟ ಪದಗಳೆಲ್ಲ ಹೆಚ್ಚುಕಡಿಮೆ ಇದೇ ಅಳತೆಯವು ಅನ್ನುವುದು ಆಗ ಗಮನಕ್ಕೆ ಬಂತು. ಅಲ್ಲಿಯವರೆಗೆ ನನ್ನ ಕೆರೆ ಹಾಡಿನಲ್ಲಿ ಏರಿಯೂ ಇರಲಿಲ್ಲ, ತೂಬೂ ಇರಲಿಲ್ಲ. ನಡೆ ಬದಲಾದ್ದರಿಂದಲೇ ಅವು ಒಳಗೆ ಬಂದವು:

ಏರಿ ಮೇಲೆ ನಿಂತು ನೋಡೆ ಕೆರೆಯ ತುಂಬ ಜಾಲಿಯೇ
ತೂಬು ತೆಗೆದು ಕೈಯ ಹಾಕೆ ಒಳಗು ಹೊರಗು ಖಾಲಿಯೇ

ಜಾಲಿ ಮತ್ತು ಖಾಲಿ ಪ್ರಾಸಕ್ಕೆ ಹುಡುಕಿದ ಪದಗಳಲ್ಲ. ಕೆರೆಯಲ್ಲಿ ಇದ್ದದ್ದೇ ಜಾಲಿ, ತೂಬು ಇದ್ದದ್ದೇ ಖಾಲಿ. ತಮಟೆ ಅಣ್ಣ ಎರಡನೇ ಸಲಕ್ಕೇ ಎದ್ದು ನಿಂತು ಬಾರಿಸಿದ. "ನೋಡೆ", "ಹಾಕೆ" ಎನ್ನುವ ಹಳೆಯ ರೂಪಗಳನ್ನು ಹೆಂಗಸರು ನನ್ನನ್ನು ಕೇಳದೆಯೇ "ನೋಡು", "ಹಾಕು" ಮಾಡಿಕೊಂಡರು. ಮಾತ್ರೆ ಅಷ್ಟೇ, ಆದರೆ ಎದುರಿಗೆ ನಿಂತವರನ್ನು ಕರೆದು ತೋರಿಸಿದ ಹಾಗಾಯಿತು. ವ್ಯಾಕರಣದ ಮೇಷ್ಟ್ರಾದ ನಾನು ತಕರಾರು ಮಾಡಲಿಲ್ಲ.

ಮಟ್ಟು ಎಲ್ಲಿಂದ ಬಂತು ಅಂತ ಹೇಳಬೇಕು. ನಮ್ಮ ತಂಡದಲ್ಲಿ ಅರ್ಧ ಜನ ಮನೆಯಲ್ಲಿ ತೆಲುಗು ಮಾತಾಡುವವರು. ಚಿಂತಾಮಣಿ ತಾಲ್ಲೂಕಿನ ಕೈವಾರ ಇಲ್ಲಿಗೆ ದೂರವಲ್ಲ. ಅಲ್ಲಿನ ಯೋಗಿ ತಾತಯ್ಯನವರ ತತ್ವಪದಗಳು ತೆಲುಗಿನಲ್ಲೂ ಇವೆ, ಕನ್ನಡದಲ್ಲೂ ಇವೆ. ಭಜನೆಯವರು ಒಂದರಿಂದ ಇನ್ನೊಂದಕ್ಕೆ ಉಸಿರು ಬಿಡದೆ ದಾಟುತ್ತಾರೆ. ಅಕ್ಕ ಎತ್ತಿದ್ದು ಅಂಥದೇ ಭಜನೆಯ ಧಾಟಿ, ಆದರೆ ಯಾವ ಪದದ್ದೂ ಅಲ್ಲ, ಎರಡು ಮೂರು ಬೆರೆತದ್ದು. ನನಗೆ ರಾಗದ ಹೆಸರು ಹೇಳಲು ಬರುವುದಿಲ್ಲ, ಅಕ್ಕನಿಗೆ ಅದು ಬೇಕಿಲ್ಲ. ಎಲ್ಲಿ ಎಳೆಯಬೇಕು, ಎಲ್ಲಿ ಬಿಡಬೇಕು ಅನ್ನುವುದು ಅವರ ಗಂಟಲಿಗೆ ಗೊತ್ತು.

ಆ ಎಳೆತದಲ್ಲೇ ಮುಂದಿನ ತೊಂದರೆ ಕಾದಿತ್ತು. ಈ ಧಾಟಿಯಲ್ಲಿ ಸಾಲಿನ ಮೊದಲ ಅಕ್ಷರ ಮತ್ತು ಸಾಲಿನ ನಡುವಿನ ಅಕ್ಷರ, ಎರಡೂ ಕಡೆ ದೀರ್ಘವಾಗಿ ಎಳೆಯಬೇಕು. ಮೊದಲನೆಯದು "ಏರಿ"ಯ ಏ, ಎಷ್ಟು ಎಳೆದರೂ ಏ. ನಡುವಿನದು "ಕೆರೆ"ಯ ಕೆ. ಅದನ್ನು ಎಳೆದರೆ "ಕೇರೆಯ ತುಂಬ ಜಾಲಿಯೇ" ಆಗುತ್ತದೆ. ಕೇರೆ ಅಂದರೆ ಕೇರೆಹಾವು. ಅಭ್ಯಾಸ ನೋಡಲು ಬಂದಿದ್ದ ಹುಡುಗರು "ಹಾವಿನ ತುಂಬ ಜಾಲಿಯಂತೆ" ಅಂತ ಕಿಸಕ್ಕನೆ ನಕ್ಕರು. ಪುಸ್ತಕದಲ್ಲಿ "ಕೆರೆಯ" ಎಂಬುದು ಮೂರು ಲಘು, ಗಣ ಸರಿಯಾಗಿದೆ. "ಏರಿ"ಯೂ ಮೂರು ಮಾತ್ರೆ, "ಕೆರೆಯ"ವೂ ಮೂರು ಮಾತ್ರೆ, ಛಂದಸ್ಸಿಗೆ ಎರಡೂ ಒಂದೇ. ಗಂಟಲಿಗೆ ಒಂದೇ ಅಲ್ಲ. ಧಾಟಿ ಎಳೆಯುವ ಜಾಗದಲ್ಲಿ ಹ್ರಸ್ವ ಕೂತರೆ ಒಂದೋ ಅರ್ಥ ಕೆಡುತ್ತದೆ, ಇಲ್ಲವೇ ಹಾಡುವವರು ಹೆದರಿ ಎಳೆಯುವುದನ್ನೇ ಬಿಟ್ಟು ಹಾಡು ಕುಂಟುತ್ತದೆ.

ಏನೇನೋ ಹಾಕಿ ನೋಡಿದೆವು. "ನೀರ ಜಾಗ" ಅಂದರೆ ಹಾಡಲು ಚೆಂದ, ಆದರೆ ಯಾರೂ ಹಾಗೆ ಮಾತಾಡುವುದಿಲ್ಲ. ಕೊನೆಗೆ ಹೊಳೆದದ್ದು ಕೆರೆಯಂಗಳ. ಕಂದಾಯದ ಕಾಗದದಲ್ಲೂ ಊರಿನವರ ಬಾಯಲ್ಲೂ ಇರುವ ಪದ. ಒತ್ತುವರಿ ಜಗಳದಲ್ಲಿ ಎಲ್ಲರೂ ಕೂಗಾಡುವುದು ಅದರ ಮೇಲೆಯೇ.

ಏರಿ ಮೇಲೆ ನಿಂತು ನೋಡು ಅಂಗಳೆಲ್ಲ ಜಾಲಿಯೇ

"ಅಂಗಳವೆಲ್ಲ" ಅಂತಿರಬೇಕು ಎಂದು ಸಹೋದ್ಯೋಗಿಯೊಬ್ಬರು ತಿದ್ದಿದರು. ಹಾಡಲ್ಲಿ ಅಷ್ಟು ಜಾಗ ಇಲ್ಲ ಸಾರ್ ಅಂದೆ. "ಅಂ" ಅನ್ನು ಎಳೆದರೆ ಬಾಯಿ ಮುಚ್ಚಿ ಗುಂಯ್ ಅನ್ನುತ್ತದೆ, ಅದು ತಮಟೆಯ ಜೊತೆ ಇನ್ನೂ ಚೆನ್ನಾಗಿ ಹೊಂದಿತು. ಇದನ್ನು ನಾನು ಯೋಚಿಸಿ ಮಾಡಿದ್ದಲ್ಲ.

ಚರಣಗಳ ವಿಷಯ ಬೇಗ ಹೇಳಿ ಮುಗಿಸಬಹುದು, ಯಾಕೆಂದರೆ ಅಲ್ಲಿ ಮಾಡಿದ್ದು ಹೆಚ್ಚಾಗಿ ಕತ್ತರಿ ಕೆಲಸ. ಸರ್ಕಾರವನ್ನು ಬಯ್ಯುವ ಚರಣ ಹೋಯಿತು. ಹಾಡಿಗೆ ಮುಂಚಿನ ದೃಶ್ಯದಲ್ಲಿ ಅದೇ ಬೈಗುಳ ಇನ್ನೂ ಚೆನ್ನಾಗಿತ್ತು. ಗಂಗರು, ಚೋಳರು, ಬೇತಮಂಗಲದ ಕೆರೆಯಿಂದ ಕೆಜಿಎಫ್‌ಗೆ ಹೋಗುತ್ತಿದ್ದ ಕುಡಿಯುವ ನೀರು, ಇಷ್ಟನ್ನೂ ತುಂಬಿದ್ದ ಚರಣ ನನಗೆ ತುಂಬ ಇಷ್ಟವಾಗಿತ್ತು. ಹಾಡಿದರೆ ಎಂಟನೇ ತರಗತಿ ಸಮಾಜ ಪಾಠ. ಅದನ್ನು ನಾಟಕದ ಸೂತ್ರಧಾರನ ಮಾತಿಗೆ ಕೊಟ್ಟೆ, ಅಲ್ಲಿ ಜನ ಕಿವಿಗೊಟ್ಟು ಕೇಳುತ್ತಾರೆ. ಇನ್ನು ಕೆಲವು ಚರಣಗಳಿಗೆ ಕಾರಣವೇ ಬೇಕಾಗಲಿಲ್ಲ. ಅಭ್ಯಾಸವನ್ನು ಫೋನಿನಲ್ಲಿ ರೆಕಾರ್ಡು ಮಾಡಿಕೊಂಡು ಮಾರನೇ ದಿನ ಕೇಳುತ್ತಿದ್ದೆ. ಹಿಮ್ಮೇಳ ಎಲ್ಲಿ ಜೋರಾಗಿ ಬರುತ್ತದೆ, ಎಲ್ಲಿ ಗೊಣಗುತ್ತದೆ ಅನ್ನುವುದು ಅಲ್ಲಿ ಬಚ್ಚಿಡಲಾಗದ ಹಾಗೆ ಕೇಳಿಸುತ್ತದೆ. ಎದುರಿಗೆ ಕೇಳಿದರೆ "ಎಲ್ಲಾ ಚೆನ್ನಾಗೈತೆ ಮೇಷ್ಟ್ರೇ" ಅನ್ನುವವರೇ, ಇಷ್ಟವಿಲ್ಲದ ಸಾಲು ಬಂದಾಗ ಪಕ್ಕದವರ ಮೇಲೆ ಬಿಟ್ಟು ಸುಮ್ಮನಾಗಿರುತ್ತಾರೆ. ಎಲ್ಲರೂ ಹಾಗೆ ಬಿಟ್ಟ ಸಾಲನ್ನು ನಾನೂ ಬಿಟ್ಟೆ.

ಉಳಿದದ್ದರಲ್ಲಿ ಬೋರಿನ ಚರಣ ಒಂದು:

ಬೋರು ಲಾರಿ ಊರಿಗೆಲ್ಲ ಧೂಳು ಚೆಲ್ಲಿ ಹೋಯಿತು
ಸಾವಿರಡಿಯ ಆಳದಲ್ಲು ಕಲ್ಲ ಪುಡಿಯೆ ಸಿಕ್ಕಿತು

ಇದಕ್ಕೆ ಬೀದಿಯಲ್ಲಿ ಯಾವಾಗಲೂ ಒಂದು ಗೊಳ್ಳನೆ ನಗು ಬರುತ್ತದೆ, ಖುಷಿಯ ನಗುವಲ್ಲ. ಸಾಲ ಮಾಡಿ ಬೋರು ಕೊರೆಸಿ ಪುಡಿ ನೋಡಿದವರು ಗುಂಪಿನಲ್ಲಿ ಇದ್ದೇ ಇರುತ್ತಾರೆ. ಆದರೆ ಎರಡನೇ ಸಾಲಿನಲ್ಲಿ ಅಕ್ಕ ಉಸಿರು ತೆಗೆದುಕೊಳ್ಳುವುದು "ಸಾವಿ" ಆದ ಮೇಲೆ. "ಸಾವಿ..." ಅಂತ ನಿಲ್ಲಿಸಿದರೆ ಕೇಳುವವರಿಗೆ ಸಾವಿನ ನೆನಪಾಗುತ್ತದೆ. ಉಸಿರಿನ ಜಾಗ ಬದಲಿಸಿ ಅಂತ ಹೇಳಿ ನೋಡಿದೆ, ಅದು ಆಗದ ಮಾತು. ಪದ ಬದಲಿಸೋಣ ಅಂದರೆ ಸಾವಿರ ಅಡಿಯೇ ಆ ಸಾಲಿನ ಜೀವ. ಹಾಗೇ ಬಿಟ್ಟಿದ್ದೇನೆ. ಕೇಳಿದವರಲ್ಲಿ ಒಬ್ಬಿಬ್ಬರು "ಸಾವು ಅಂತ ಬೇಕಂತಲೇ ತಂದಿದ್ದೀರಾ?" ಅಂದರು. ಹೌದು ಅನ್ನಲೂ ಇಲ್ಲ, ಇಲ್ಲ ಅನ್ನಲೂ ಇಲ್ಲ.

ಮೈಕಿಲ್ಲದೆ ಹಾಡುವುದರಿಂದ ಇನ್ನೊಂದು ತಿದ್ದುಪಡಿ. ತೇರಹಳ್ಳಿ ಬೆಟ್ಟದ ಆದಿಮ ಸಾಂಸ್ಕೃತಿಕ ಕೇಂದ್ರದಲ್ಲಿ ಹುಣ್ಣಿಮೆ ಹಾಡಿಗೆ ಹೋಗಿ ಹಿಂದಿನ ಸಾಲಿನಲ್ಲಿ ಕೂತು ಕೇಳುವ ಅಭ್ಯಾಸ ನನಗಿತ್ತು. ಬಯಲಿನಲ್ಲಿ ದೂರ ಕೂತವನಿಗೆ ಸಾಲಿನ ಕೊನೆ ಆ, ಏ, ಓ ಆಗಿದ್ದರೆ ತಲುಪುತ್ತದೆ. ಹ್ರಸ್ವ ಉಕಾರ ಗಾಳಿಗೆ ಹೋಗುತ್ತದೆ. ಪಲ್ಲವಿಯ ಜಾಲಿಯೇ, ಖಾಲಿಯೇ ದೂರ ಹೋಗುತ್ತವೆ. ಬೋರಿನ ಚರಣದ "ಹೋಯಿತು", "ಸಿಕ್ಕಿತು" ಹೋಗುವುದಿಲ್ಲ. ಅದಕ್ಕೇ ಚರಣವನ್ನು ಅಕ್ಕ ಒಬ್ಬರೇ ಗುಂಪಿನ ಮಧ್ಯಕ್ಕೆ ನಡೆದು ಹೋಗಿ ಹೇಳುತ್ತಾರೆ, ಪಲ್ಲವಿಗೆ ಎಲ್ಲರೂ ಸೇರುತ್ತಾರೆ. ಪದ ತಿದ್ದಲಾಗದ ಕಡೆ ಹಾಡುವವರು ನಿಲ್ಲುವ ಜಾಗ ತಿದ್ದಿದರೂ ನಡೆಯುತ್ತದೆ.

ಮೂರನೇ ಚರಣದಲ್ಲಿ ನನ್ನದು ಬರೀ ಮಾತ್ರೆ ಹೊಂದಿಸುವ ಕೆಲಸ. ಅಕ್ಕನ ಮಾವ ಆ ಊರಿನ ನೀರಗಂಟಿ ಆಗಿದ್ದವರು. ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಅನ್ನುವುದು ಅವರ ಬಾಯಲ್ಲೇ ಇತ್ತಂತೆ, ಸುಗ್ಗಿಯಲ್ಲಿ ಮನೆಮನೆಯಿಂದ ಕಾಳು ಬರುತ್ತಿತ್ತಂತೆ. "ನೀರು ಎಲ್ಲಾರಿಗೂ ಹಂಚಿದೋರಿಗೆ ಒಂದು ಗುಂಟೆ ಗದ್ದೆ ಇರಲಿಲ್ಲ, ಅದು ಬರೀರಿ" ಅಂದರು. ಪೂರ್ತಿ ಬರೆಯಲು ಆಗಲಿಲ್ಲ, ಇಷ್ಟಾಯಿತು:

ನೀರಗಂಟಿ ತಾತ ಇಲ್ಲ, ತೂಬ ಕೀಲಿ ಯಾರಲಿ
ಗದ್ದೆ ಗದ್ದೆ ನೀರ ಪಾಲು ಹಂಚಿದವನ ಊರಲಿ

ಗದ್ದೆ ಇರದ ಮಾತು ಇದರಲ್ಲಿ ಇಲ್ಲ ಅಂತ ಅಕ್ಕನಿಗೆ ಸಮಾಧಾನವಿಲ್ಲ. ನನಗೂ ಇಲ್ಲ. ಹಾಡುವಾಗ ಅವರು ಈ ಚರಣ ಮುಗಿಸಿ, ತಮಟೆ ನಿಲ್ಲಿಸಿ, ಆ ಮಾತನ್ನು ಮಾತಿನಲ್ಲೇ ಹೇಳಿ ಮತ್ತೆ ಪಲ್ಲವಿ ಎತ್ತುತ್ತಾರೆ. ಬರೆದ ಯಾವ ಸಾಲಿಗಿಂತ ಅದೇ ನಾಟುತ್ತದೆ. ಏರಿ, ಬೋರು, ನೀರ: ಪಲ್ಲವಿಗೂ ಎರಡು ಚರಣಕ್ಕೂ ಮೊದಲ ಸಾಲಿನ ಎರಡನೇ ಅಕ್ಷರ ರಕಾರವೇ ಬಿದ್ದು ಆದಿಪ್ರಾಸ ಕೂತದ್ದನ್ನು ನಾನು ತುಂಬ ತಡವಾಗಿ ನೋಡಿದೆ. ನೋಡಿದವನೂ ನಾನೊಬ್ಬನೇ, ಮಿಕ್ಕವರಿಗೆ ಅದರ ಗೊಡವೆ ಇಲ್ಲ.

ಹಾಡು ಒಂದು ಹದಕ್ಕೆ ಬಂತು ಅನ್ನುವಾಗ ಕೆರೆಗೇ ನೀರು ಬಂತು.

ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಸಂಸ್ಕರಿಸಿ ನಮ್ಮ ಜಿಲ್ಲೆಯ ಕೆರೆಗಳಿಗೆ ಬಿಡುವ ಕೆ.ಸಿ. ವ್ಯಾಲಿ ಯೋಜನೆ. 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ಮೊದಲ ನೀರು ಬಂತು, ಮುಂದಿನ ತಿಂಗಳೇ ನೊರೆ ಕಾಣಿಸಿತು, ವಿಷಯ ಹೈಕೋರ್ಟಿಗೆ ಹೋಯಿತು, ನೀರು ನಿಂತಿತು, ಮತ್ತೆ ಬಂತು. ನಮ್ಮ ಹಾಡಿನ ಕೆರೆಗೂ ಆಮೇಲೆ ಬಂತು. ಈಗ ಏರಿ ಮೇಲೆ ನಿಂತು "ಅಂಗಳೆಲ್ಲ ಜಾಲಿಯೇ" ಅಂತ ಹಾಡಿದರೆ ಹಿಂದೆ ನೀರು ಫಳಫಳ ಅನ್ನುತ್ತಿರುತ್ತದೆ. ಒಬ್ಬ ಯಜಮಾನರು ಗುಂಪಿನಿಂದಲೇ ಕೂಗಿದರು: "ತಿರುಗಿ ನೋಡ್ರಪ್ಪಾ!"

ಹಾಡನ್ನು ಕೈಬಿಡೋಣ ಅಂತ ತಂಡದಲ್ಲಿ ಕೆಲವರು. ನೀರು ಬಂದ ಖುಷಿಯ ಹಾಡು ಮಾಡೋಣ ಅಂತ ಕೆಲವರು. ಎರಡು ಹಂತದಲ್ಲಿ ಸಂಸ್ಕರಿಸಿದರೆ ಸಾಲದು, ಮೂರನೇ ಹಂತವೂ ಬೇಕು ಅಂತ ಜಿಲ್ಲೆಯಲ್ಲಿ ಹೋರಾಟ ನಡೆಯುತ್ತಿತ್ತು, ಅದನ್ನು ತರಬೇಕು ಅಂತ ಇನ್ನು ಕೆಲವರು. "ಮೂರನೇ ಹಂತದ ಶುದ್ಧೀಕರಣ" ಅನ್ನುವುದನ್ನು ಹಾಡಲ್ಲಿ ಕೂರಿಸಿ ತೋರಿಸಿ, ನಾನು ಮೇಷ್ಟ್ರು ಕೆಲಸ ಬಿಡುತ್ತೇನೆ ಅಂದೆ. ನಿಜವಾದ ಕಷ್ಟ ಬೇರೆ. ನೀರು ಬಂದು ಬೋರುಗಳಲ್ಲಿ ನೀರು ಏರಿದವರ ಖುಷಿ ಸುಳ್ಳಲ್ಲ. ಅದನ್ನು ಕುಡಿಯಲು ಹೆದರುವವರ ಹೆದರಿಕೆಯೂ ಸುಳ್ಳಲ್ಲ. ಒಂದೇ ಪಲ್ಲವಿಯಲ್ಲಿ ಎರಡೂ ಇರಬೇಕು.

ಬೇಗ ಆಗಿದ್ದು ಈ ತಿದ್ದುಪಡಿಯೇ, ಯಾಕೆಂದರೆ ಧಾಟಿ, ನಡೆ, ಎಳೆತ ಎಲ್ಲ ಗಟ್ಟಿಯಾಗಿ ನಿಂತಿದ್ದವು. ಮೊದಲ ಅರ್ಧ ಸಾಲು ಮುಟ್ಟಲಿಲ್ಲ:

ಏರಿ ಮೇಲೆ ನಿಂತು ನೋಡು ಕೋಡಿವರೆಗು ನೀರಿದೆ
ಬೊಗಸೆ ತುಂಬ ಎತ್ತಿಕೊಂಡು ಕುಡಿಯಲೇಕೆ ಭಯವಿದೆ

"ಅಂಗಳ"ದ ಜಾಗಕ್ಕೆ "ಕೋಡಿ" ಬಂತು, ಎಳೆತಕ್ಕೆ ಓಕಾರ ಸಿಕ್ಕಿತು. 2021ರ ನವೆಂಬರ್ ಮಳೆಗೆ ಕೆರೆಗಳು ನಿಜವಾಗಿಯೇ ಕೋಡಿ ಹರಿದಾಗ ಈ ಸಾಲು ಹಾಡಿದ್ದಕ್ಕೆ ಬಂದ ಚಪ್ಪಾಳೆ ನಾಟಕಕ್ಕೂ ಬಂದಿರಲಿಲ್ಲ. ಎರಡನೇ ಸಾಲಿನ ಶುರುವಿನ "ಬೊ" ಹ್ರಸ್ವ, ಎಳೆದರೆ ಬೋಗಸೆ ಆಗುತ್ತದೆ, ಅದು ಗೊತ್ತು. ಅಕ್ಕ ಅಲ್ಲಿ ಎಳೆಯುವ ಬದಲು ಚಕ್ಕನೆ ಕಡಿದು, ಎರಡೂ ಕೈ ಬೊಗಸೆ ಮಾಡಿ ತೋರಿಸುತ್ತಾರೆ. ಬೋರಿನ ಚರಣಕ್ಕೆ ಕೈ ಹಚ್ಚಲಿಲ್ಲ. "ಹೋಯಿತು", "ಸಿಕ್ಕಿತು" ಅಂತ ಭೂತಕಾಲದಲ್ಲಿ ಇದ್ದುದರಿಂದ ನೀರು ಬಂದ ಮೇಲೂ ಅದು ಸುಳ್ಳಾಗಲಿಲ್ಲ. "ಇದೆ", "ಇಲ್ಲ" ಅಂತ ವರ್ತಮಾನದಲ್ಲಿ ಬರೆದ ಸಾಲುಗಳೇ ಬೇಗ ಹಳಸುವುದು. ಹಾಗಂತ ಪಲ್ಲವಿಯನ್ನು ಭೂತಕಾಲದಲ್ಲಿ ಬರೆದರೆ ಯಾರೂ ಏರಿ ಹತ್ತಿ ನೋಡುವುದಿಲ್ಲ, ಅದಕ್ಕೇ ಅದನ್ನು ಆಗಾಗ ತಿದ್ದುವುದಕ್ಕೆಂದೇ ಬಿಟ್ಟುಕೊಂಡಿದ್ದೇವೆ.

ಈಗ ನಡೆಯುತ್ತಿರುವುದು ಮೀನಿನ ಗಲಾಟೆ. ಕೆರೆ ತುಂಬಿದ ಮೇಲೆ ಮೀನು ಹರಾಜಿಗೆ ಬೆಲೆ ಬಂದಿದೆ, ಹೊರಗಿನವರು ಬಂದು ಹಿಡಿಯುತ್ತಾರೆ, ಊರಿನವರಿಗೆ ಮೀನು ಸಂತೆಯಲ್ಲಿ. ಇದರ ಮೇಲೆ ಒಂದು ಚರಣ ಬೇಕು ಅಂತ ಹೆಂಗಸರ ಪಟ್ಟು. "ಕೆರೆಯ ಮೀನು" ಕೂರುತ್ತದೆ, "ಊರ ಪಾಲು" ಕೂರುತ್ತದೆ. "ಹರಾಜು" ಕೂರುವುದಿಲ್ಲ. ಒಂದು ಲಘು, ಒಂದು ಗುರು, ಮತ್ತೊಂದು ಲಘು, ಒಟ್ಟು ನಾಲ್ಕು ಮಾತ್ರೆ. "ಟೆಂಡರು" ಅಂದರೂ ನಾಲ್ಕೇ. ಹೋದ ವಾರ ಭವನದಲ್ಲಿ ನಾನು ಬೆರಳು ಮಡಚಿ ಎಣಿಸುತ್ತ, ಒಂದು ಮಾತ್ರೆ ಹೆಚ್ಚು, ಒಂದು ಮಾತ್ರೆ ಹೆಚ್ಚು ಅಂತ ಗೊಣಗುತ್ತ ಕೂತಿದ್ದೆ. ತಮಟೆ ಕಾಯಿಸುತ್ತಿದ್ದವನು, ಯಾವತ್ತೂ ಆಗ ಬಾಯಿಬಿಡದವನು, ತಲೆ ಎತ್ತಿದ.

"ನೀವು ಹರಾಜು ಅಂತಾನೇ ಬರೀರಿ ಮೇಷ್ಟ್ರೇ. ಆ ಒಂದು ಮಾತ್ರೆ ನಾನು ನುಂಗ್ತೀನಿ, ಬಿಪಿ ಮಾತ್ರೆ ಜೊತೆಗೆ."